ನೌರುವಿನ ಪಡುಗಾಳಿ

ಪರ್ತ್‌ನ ಥಾರ್ನ್ಲಿಯಲ್ಲಿ ಈಗ ನಾನಿರುವ ಮನೆಯಿಂದ ಶಾಪಿಂಗ್ ಸೆಂಟರಿಗೆ ಹತ್ತಿರದ ದಾರಿಯೆಂದರೆ ಅದರ ಹಿಂಬದಿಯದು. ಅಲ್ಲಿ ಲಾರಿಗಳು ಸರಕು ಇಳಿಸುವ ಕಟ್ಟೆಯಿದೆ. ಲಾರಿ ಹಿಂದಕ್ಕೆ ಸರಿದು ಕಟ್ಟೆಗೆ ತಾಗುವಾಗ ನಡುವೆ ಇರುವ ರಬ್ಬರಿನ ದಿಂಡು ನಿಧಾನಕ್ಕೆ ಅದುಮಿಕೊಂಡು ತೆಳ್ಳಗಾಗುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ. ಸುತ್ತುಬಳಸಿ ಮುಂಬಾಗಿಲಿಗೆ ಹೋಗುತ್ತೇನೆ. ಯಾಕೆ ಎಂದು ಕೇಳಿದವರಿಗೆ ನಡಿಗೆ ಒಳ್ಳೆಯದು ಎನ್ನುತ್ತೇನೆ.

ನೌರುವಿನ ಕೆಲಸ ಶುರುವಾದಾಗ ನಾನು ಅಡಿಲೇಡಿನಲ್ಲಿದ್ದೆ. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಘಟಕಗಳನ್ನು ಜೋಡಿಸಿ ಕಳಿಸುವ ಸಣ್ಣ ಕಂಪನಿ ಅದು. ಮನೆಯ ಆರ್‌ಒ ಫಿಲ್ಟರನ್ನು ಲಾರಿಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ. ಒಳಗೆ ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಡುವುದು ಮೆಂಬ್ರೇನ್ ಎಂಬ ಪೊರೆಯ ಸುರುಳಿ. ಕಚೇರಿ ಪರ್ತ್‌ನಲ್ಲಿ, ಜೋಡಣೆಯ ಶೆಡ್ಡು ಅಡಿಲೇಡಿನಲ್ಲಿ. ನೌರು ಎಂಬ ದ್ವೀಪರಾಷ್ಟ್ರದಲ್ಲಿ ಕೆಲವು ನೂರು ಮನೆಗಳಿಗೆ ನೀರು ಕೊಡುತ್ತಿದ್ದ ಹಳೆಯ ಘಟಕ ಕೆಡುತ್ತಾ ಬಂದಿತ್ತು. ಬದಲಿಗೆ ಹೊಸದನ್ನು ಕಳಿಸಿ, ನಿಲ್ಲಿಸಿ, ನಡೆಸಿ ತೋರಿಸುವುದು ನಮ್ಮ ಪಾಲಿಗೆ ಬಂತು. ನಾನು ಸೈಟ್ ಎಂಜಿನಿಯರ್.

ಯೋಜನೆಯ ಮುಖ್ಯಸ್ಥರು ಮಲ್ಪೆ ಕಡೆಯವರು. ಊರಿನಲ್ಲಿ ಬಂದರಿನ ಕೆಲಸ ಮಾಡಿ, ಆಮೇಲೆ ಈ ದೇಶಕ್ಕೆ ಬಂದು, ಪರ್ತ್‌ನ ಜೂಂಡಲಪ್‌ನಲ್ಲಿ ಮನೆ ಮಾಡಿಕೊಂಡಿದ್ದರು. ನಾನು ಅವರನ್ನು ಸರ್ ಎನ್ನುತ್ತಿದ್ದೆ. ಕಚೇರಿಯಲ್ಲಿ ಯಾರೂ ಯಾರನ್ನೂ ಸರ್ ಎನ್ನುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಮಾತ್ರ ಆ ಪದ್ಧತಿ ಉಳಿದಿತ್ತು.

"ಇಲ್ಲಿ ಅರ್ಧ ಜನಕ್ಕೆ ಆ ದೇಶ ಎಲ್ಲುಂಟು ಅಂತಲೇ ಗೊತ್ತಿಲ್ಲ. ಎರಡು ಪುಟದಲ್ಲಿ ಒಂದು ಪರಿಚಯ ಬರೆದು ಕಳಿಸು ಮಾರಾಯ್ತಿ," ಎಂದು ಫೋನಿನಲ್ಲಿ ಹೇಳಿದರು.

ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ನಾನು ಬಾಡಿಗೆಗಿದ್ದ ಹಿತ್ತಲ ಕೋಣೆಯಲ್ಲಿ ಕೂತು ಬರೆದೆ. ಶುಕ್ರವಾರ ಮಧ್ಯಾಹ್ನವಾದರೆ ಶೆಡ್ಡಿನವರೆಲ್ಲ ಯಾರದೋ ಮನೆಯ ಬಾರ್ಬಿಗೆ, ಎಂದರೆ ಮಾಂಸ ಸುಟ್ಟು ತಿನ್ನುವ ಕೂಟಕ್ಕೆ, ಹೊರಟುಬಿಡುತ್ತಿದ್ದರು. ಮೊದಮೊದಲು ನನ್ನನ್ನೂ ಕರೆದರು, ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ಸಂಕೋಚಪಟ್ಟು ಕರೆಯುವುದನ್ನು ನಿಲ್ಲಿಸಿದರು. ಹಾಗಾಗಿ ನನಗೆ ವಾರಾಂತ್ಯಗಳು ಬೇಕಾದಷ್ಟಿದ್ದವು.

ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು. ನೌರು ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತಿರುವ ಒಂಟಿ ದ್ವೀಪ. ಇಪ್ಪತ್ತೊಂದು ಚದರ ಕಿಲೋಮೀಟರಿನ ದೇಶ, ಸುಮಾರು ಹತ್ತು ಸಾವಿರ ಜನ. ಹೆಸರಿಗೆ ರಾಜಧಾನಿಯೆಂಬುದಿಲ್ಲ. ದ್ವೀಪವನ್ನು ಸುತ್ತುವ ರಸ್ತೆ ಒಂದೇ. ಜನವೆಲ್ಲ ಆ ರಸ್ತೆಯ ಅಂಚಿನಲ್ಲೇ ಇದ್ದಾರೆ. ನಡುವಿನ ಎತ್ತರದ ನೆಲದಲ್ಲಿ ಹಿಂದೆ ಫಾಸ್ಫೇಟ್ ತುಂಬಿತ್ತು. ಅದನ್ನು ಕೆರೆದು ಹಡಗು ತುಂಬಿಸಿ ದೂರದ ದೇಶಗಳ ಹೊಲಗಳಿಗೆ ಗೊಬ್ಬರವಾಗಿ ಒಯ್ದರು. ಒಂದು ಕಾಲಕ್ಕೆ ಅದರಿಂದ ಈ ದೇಶ ಬಹಳ ಶ್ರೀಮಂತವಾಗಿತ್ತು. ಈಗ ಅಲ್ಲಿ ಉಳಿದಿರುವುದು ಆಳೆತ್ತರಕ್ಕೂ ಮೀರಿದ ಸುಣ್ಣಕಲ್ಲಿನ ಮೊನೆಗಳು. ನದಿಯಿಲ್ಲ. ಮಳೆ ಬಂದರೆ ಛಾವಣಿಯಿಂದ ತೊಟ್ಟಿಗೆ ನೀರು. ಬರದಿದ್ದರೆ ಸಮುದ್ರದ ನೀರನ್ನೇ ಸಿಹಿ ಮಾಡಿ ಟ್ಯಾಂಕರಿನಲ್ಲಿ ಮನೆಮನೆಗೆ ಹಂಚಬೇಕು. ಹಡಗು ತಂದು ನಿಲ್ಲಿಸಲು ಬಂದರಿಲ್ಲ. ಹವಳದ ದಿಬ್ಬ ದಾಟಿದ ಕೂಡಲೇ ಕಡಲು ಸಾವಿರಾರು ಅಡಿ ಆಳಕ್ಕಿಳಿಯುತ್ತದೆ. ಹಡಗು ಪಶ್ಚಿಮದ ಬದಿಯಲ್ಲಿ ದೂರ ನಿಲ್ಲುತ್ತದೆ, ಸರಕನ್ನು ಬಾರ್ಜಿಗೆ, ಅಂದರೆ ಚಪ್ಪಟೆ ದೋಣಿಗೆ, ಇಳಿಸಿಕೊಂಡು ಲಾಂಚ್ ಎಂಬ ಸಣ್ಣ ಯಂತ್ರದೋಣಿಯಿಂದ ದಡಕ್ಕೆ ಎಳೆದು ತರುತ್ತಾರೆ. ವರ್ಷದ ಬಹುಭಾಗ ಗಾಳಿ ಪೂರ್ವದಿಂದ ಬೀಸುವುದರಿಂದ ಪಶ್ಚಿಮ ಬದಿ ಮರೆಯಾಗಿರುತ್ತದೆ. ನವೆಂಬರಿನಿಂದ ಕೆಲವು ತಿಂಗಳು ಪಶ್ಚಿಮದ ಗಾಳಿ. ಆಗ ಹಡಗುಗಳು ಕಾಯಬೇಕಾಗುತ್ತದೆ.

ಈ ಕೊನೆಯ ಮಾತಿನ ಬಗ್ಗೆ ನಾವು ಫೋನಿನಲ್ಲಿ ಮಾತಾಡಿದೆವು. ಸರ್ ಹಡಗನ್ನು ಡಿಸೆಂಬರಿಗೆ ಗೊತ್ತುಮಾಡಿದ್ದರು.

"ಸರ್, ಅದು ವೆಸ್ಟರ್ಲಿ ಸೀಸನ್. ಜೂನ್, ಜುಲೈಗೆ ಹಾಕಿದ್ರೆ ಒಳ್ಳೇದಲ್ವಾ?"

"ಪಡುಗಾಳಿಯಾ? ಡಿಸೆಂಬರಲ್ಲಾ?" ಅವರು ನಕ್ಕರು. "ಪಡುಗಾಳಿ ಅಂದ್ರೆ ಜೂನು ಮಾರಾಯ್ತಿ. ಆಗ ನಮ್ಮಲ್ಲಿ ದೋಣಿಯೆಲ್ಲ ಮೇಲೆ ಎಳೆದು ಹಾಕ್ತಾರೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಕಾಯಿ ಬಿಟ್ಟ ಮೇಲೆ ಮುಗೀತು. ಡಿಸೆಂಬರಲ್ಲಿ ಕಡಲು ಹಾಲಿನ ಹಾಗಿರ್ತದೆ."

"ಇದು ಬೇರೆ ಕಡಲಲ್ವಾ ಸರ್."

"ನೀರು ಒಂದೇ. ನಿಮ್ಮ ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯೇ ಕಡಲು. ನೀನು ಮೆಂಬ್ರೇನ್ ನೋಡಿಕೋ, ಕಡಲು ನಾನು ನೋಡ್ಕೊಳ್ತೇನೆ."

ನಾನೂ ನಕ್ಕೆ. ಹದಿನೆಂಟು ವರ್ಷದ ತನಕ ಕಡಲು ನೋಡಿರದಿದ್ದವಳು ಕಡಲ ದಡದಲ್ಲಿ ಹುಟ್ಟಿದವರಿಗೆ ಗಾಳಿಯ ಪಾಠ ಹೇಳುವುದು ನಮ್ಮಲ್ಲಿ ಆಗುವ ಮಾತಲ್ಲ. ಹಡಗು ಡಿಸೆಂಬರಿಗೇ ಎಂದು ಗಟ್ಟಿಯಾಯಿತು.

ಹೊರಡುವ ಹಿಂದಿನ ದಿನ ಮನೆಯೊಡತಿ ಆಂಟಿ ಚಪಾತಿ ಕಟ್ಟಿಕೊಟ್ಟರು. ಬೆಂಗಳೂರಿನವರು. "ಐಲೆಂಡು ಅಂತೀಯ, ಅದೃಷ್ಟ ಕಣಮ್ಮ. ನಾವು ಬಾಲಿಗೆ ಹೋಗೋಕೆ ಎರಡು ವರ್ಷದಿಂದ ಪ್ಲಾನ್ ಮಾಡ್ತಿದೀವಿ. ಬೀಚಲ್ಲಿ ಫೋಟೋ ತೆಕ್ಕೊಂಡು ಬಾ."

ಅಡಿಲೇಡಿನಿಂದ ಬ್ರಿಸ್ಬೇನ್, ಅಲ್ಲಿಂದ ನೌರುವಿಗೆ ನೇರ ವಿಮಾನ. ಇಳಿಯುವಾಗ ಕಿಟಕಿಯಿಂದ ನೋಡಿದರೆ ಸುತ್ತುರಸ್ತೆಯ ಮೇಲೆ ವಾಹನಗಳು ಸಾಲಾಗಿ ನಿಂತಿದ್ದವು. ರನ್‌ವೇಯ ಪಕ್ಕದಲ್ಲೇ ರಸ್ತೆ ಹೋಗುವುದರಿಂದ ವಿಮಾನ ಬರುವಾಗ ಸಂಚಾರ ನಿಲ್ಲಿಸುತ್ತಾರೆ. ಒಂದು ಮೋಟರ್‌ಸೈಕಲ್ಲಿನ ಮೇಲೆ ಕೂತಿದ್ದ ಪುಟ್ಟ ಮಗು ನನ್ನ ಕಡೆ ಕೈಬೀಸಿತು. ಅಥವಾ ವಿಮಾನದ ಕಡೆ.

ಹಳೆಯ ಘಟಕ ಕಡಲ ದಂಡೆಯ ತಗಡಿನ ಶೆಡ್ಡಿನಲ್ಲಿತ್ತು. ಅದನ್ನು ನಡೆಸುತ್ತಿದ್ದ ಸ್ಥಳೀಯ ಆಪರೇಟರು ನನ್ನ ಕೈಗೆ ಒಂದು ಲೋಟ ಕೊಟ್ಟು, "ರುಚಿ ನೋಡಿ ಸಿಸ್ಟರ್, ಉಪ್ಪು ಬೇರೆ ಹಾಕಬೇಕಾಗಿಲ್ಲ, ಅನ್ನಕ್ಕೆ ಸರಿಯಾಗುತ್ತೆ," ಎಂದ. ನೀರಿನಲ್ಲಿ ಎಷ್ಟು ಲವಣವಿದೆಯೆಂದು ತೋರಿಸುವ ಕಂಡಕ್ಟಿವಿಟಿ ಮೀಟರನ್ನು ಅದ್ದಿದೆ. ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಮಳೆ ಬಹಳ ದಿನದಿಂದ ಹಿಂದೆಗೆದಿತ್ತು. ಮನೆಗಳ ತೊಟ್ಟಿಗಳನ್ನು ತಟ್ಟಿದರೆ ತಳದ ತನಕ ಟೊಳ್ಳು ಸದ್ದು. ದೂರದ ಇನ್ನೊಂದು ಘಟಕದಿಂದ ಬರುವ ಟ್ಯಾಂಕರಿಗಾಗಿ ಹೆಂಗಸರು ಬಾಗಿಲಲ್ಲಿ ಕಾಯುತ್ತಿದ್ದರು. ಅದು ಮಾತ್ರ ನನಗೆ ಹೊಸದಾಗಿರಲಿಲ್ಲ. ಕಾಲೇಜು ಮುಗಿಸಿ ಬೆಂಗಳೂರಿನಲ್ಲಿದ್ದಾಗ ನಾನೂ ಹಾಗೆ ಕಾದಿದ್ದೆ.

ಹಡಗು ಬಂತು. ಅದರ ಬೆನ್ನಿಗೇ ಗಾಳಿಯೂ ಬಂತು, ಪಶ್ಚಿಮದಿಂದ. ಹಡಗು ತೂರಾಡುತ್ತಾ ದೂರದಲ್ಲಿ ನಿಂತಿತು. ಕೆಲವೊಮ್ಮೆ ದಿಗಂತದಾಚೆ ಸರಿದು ಮರುದಿನ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ನಾನು ದಿನಾ ಬೆಳಿಗ್ಗೆ ದಡಕ್ಕೆ ಹೋಗಿ ನಮ್ಮ ಘಟಕವಿದ್ದ ಹಡಗನ್ನು ನೋಡಿ ಬರುತ್ತಿದ್ದೆ. ಊಟಕ್ಕೆ ಕೂತಲ್ಲಿ ಜೊತೆಗೆ ಯಾರೂ ಇರಲಿಲ್ಲ. ಸಂಜೆ ಸರ್‌ಗೆ ಫೋನು. ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಲೆ ಎಷ್ಟುಂಟು?" ಗಾಳಿಯ ಮಾತು ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಲೆ ಇಳಿಯಿತು. ಬಾರ್ಜಿನ ಫೋರ್‌ಮನ್ ನನ್ನನ್ನು ಕರೆಸಿದರು. ದಪ್ಪ ದೇಹದ, ಮೆಲುಮಾತಿನ ನೌರು ಮನುಷ್ಯ. "ಮಾಡಬಹುದು. ಬೇಗ ಮಾಡಬೇಕು," ಎಂದರು. ನಾನೂ ಬಾರ್ಜಿಗೆ ಹತ್ತಬೇಕಿತ್ತು. ನಮ್ಮ ಘಟಕವನ್ನು ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ್ದೆವು. ಹೈಪ್ರೆಶರ್ ಪಂಪು ಒಂದು ತುದಿಯಲ್ಲಿದ್ದ ಕಾರಣ ಭಾರವೆಲ್ಲ ಆ ಕಡೆಗೆ. ಎತ್ತುವ ಸರಪಳಿಗಳು ಒಂದೇ ಉದ್ದವಲ್ಲ, ಯಾವುದು ಯಾವ ಮೂಲೆಗೆ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ಬಾರ್ಜಿನ ಮೇಲೆ ಕ್ರೇನಿನ ಕೊಕ್ಕೆ ಹಿಡಿದು ಬಿಡಿಸುವ ಕೆಲಸದವನು, ರಿಗ್ಗರ್, ನೆರೆಯ ಕಿರಿಬಾಸ್ ದೇಶದವನು. ಇಪ್ಪತ್ತೈದರ ಆಸುಪಾಸು. ನನ್ನ ಲೈಫ್ ಜಾಕೆಟ್ಟಿನ ಪಟ್ಟಿ ಜಗ್ಗಿ ನೋಡಿ ಬಿಗಿ ಮಾಡಿದ. "ಈಜು ಬರುತ್ತಾ ಸಿಸ್ಟರ್?"

"ಇಲ್ಲ."

"ಹಾಗಾದರೆ ಬೀಳಬೇಡಿ. ಸುಲಭ."

ಹಡಗಿನ ಪಕ್ಕಕ್ಕೆ ಹೋದ ಮೇಲೆ ತಿಳಿಯಿತು, ದಡದಿಂದ ಇಳಿದಂತೆ ಕಂಡ ಅಲೆ ಬೇರೆ, ಎರಡು ಕಬ್ಬಿಣಗಳ ನಡುವಿನ ಅಲೆ ಬೇರೆ. ಬಾರ್ಜ್ ಒಂದು ಮಹಡಿಯಷ್ಟು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಬಾರ್ಜಿನ ಬದಿಗೆ ಲಾರಿಯ ಹಳೆಯ ಟೈರುಗಳನ್ನು ಸಾಲಾಗಿ ಕಟ್ಟಿದ್ದರು. ಹಡಗಿಗೆ ತಾಗಿದಾಗಲೆಲ್ಲ ಅವು ಚಪ್ಪಟೆಯಾಗಿ ಕಿರುಗುಟ್ಟುತ್ತಿದ್ದವು. ಮೇಲಿನಿಂದ ನಮ್ಮ ಘಟಕ ಬಿಸಿಲನ್ನು ಮರೆಮಾಡಿ ಇಳಿಯತೊಡಗಿತು. ಅದು ತಿರುಗದಂತೆ ತಡೆಯಲು ಎರಡು ಮೂಲೆಗೆ ಹಗ್ಗ. ಒಂದನ್ನು ಫೋರ್‌ಮನ್ ಹಿಡಿದಿದ್ದರು, ಇನ್ನೊಂದನ್ನು ರಿಗ್ಗರ್ ಮತ್ತು ಅವನ ಹಿಂದೆ ನಾನು.

ಘಟಕ ತಲೆಯ ಮಟ್ಟಕ್ಕೆ ಬಂದಾಗ ಬಾರ್ಜ್ ಎದ್ದು ಅದರ ತಳಕ್ಕೆ ಬಡಿಯಿತು. ಸರಪಳಿಗಳು ಸಡಿಲವಾದವು. ಮರುಕ್ಷಣ ಬಾರ್ಜ್ ಕೆಳಗೆ ಹೋಯಿತು. ಘಟಕ ಜಗ್ಗಿ ನಿಂತು, ಪಂಪಿದ್ದ ತುದಿ ಮುಂದಾಗಿ ನಮ್ಮ ಕಡೆಗೆ ಬೀಸಿ ಬಂತು. ರಿಗ್ಗರ್ ಬೆನ್ನಿನಿಂದ ನನ್ನನ್ನು ಪಕ್ಕಕ್ಕೆ ದೂಡಿ ತಾನು ಹಿಂದಕ್ಕೆ ಹೆಜ್ಜೆಯಿಟ್ಟ. ಹಿಂದೆ ಬಾರ್ಜ್ ಮುಗಿದಿತ್ತು.

ಅವನು ಬಿದ್ದ ಸದ್ದು ಕೇಳಲಿಲ್ಲ. ಹಡಗಿಗೂ ಬಾರ್ಜಿಗೂ ನಡುವೆ ಕಪ್ಪು ನೀರಿನ ಪಟ್ಟಿಯೊಂದು ತೆರೆದುಕೊಂಡಿತ್ತು, ಅದರಲ್ಲಿ ಅವನ ಕಿತ್ತಳೆ ಜಾಕೆಟ್ಟು ಕಂಡಿತು. ಆ ಮೇಲೆ ಪಟ್ಟಿ ಮುಚ್ಚತೊಡಗಿತು. ಅವಸರವೇನೂ ಇರಲಿಲ್ಲ ಅದಕ್ಕೆ. ಬಾಗಿಲನ್ನು ಮೆಲ್ಲಗೆ ಒತ್ತಿ ಹಾಕಿದ ಹಾಗೆ. ನಾನು "ಬೇಡ ಬೇಡ" ಎಂದು ಕೂಗುತ್ತಿದ್ದೆ, ಕನ್ನಡದಲ್ಲಿ. ಯಾರಿಗೆ ಹೇಳುತ್ತಿದ್ದೆನೋ ಗೊತ್ತಿಲ್ಲ. ಟೈರುಗಳು ಹಡಗಿಗೆ ತಾಗಿದವು, ಅದುಮಿಕೊಂಡವು, ತೆಳ್ಳಗಾದವು.

ಫೋರ್‌ಮನ್ ಆಗಲೇ ಲಾಂಚಿಗೆ ಕೈಸನ್ನೆ ಮಾಡಿದ್ದರು. ಅದು ಹಗ್ಗ ಬಿಗಿದು ಬಾರ್ಜನ್ನು ಎಳೆಯಿತು. ಪಟ್ಟಿ ಮತ್ತೆ ತೆರೆಯಿತು. ಎರಡು ಟೈರುಗಳ ನಡುವಿನ ಸಂದಿನಲ್ಲಿ, ಒಬ್ಬ ಮನುಷ್ಯನ ಎದೆಯಷ್ಟೇ ಅಗಲದ ಜಾಗದಲ್ಲಿ, ಅವನಿದ್ದ. ಒಂದು ಕೈ ಟೈರಿನೊಳಗೆ ತೂರಿತ್ತು. ಇನ್ನೊಂದು ತೋಳು ಹೇಗಿರಬಾರದೋ ಹಾಗಿತ್ತು. ಫೋರ್‌ಮನ್ ಹೊಟ್ಟೆಯ ಮೇಲೆ ಮಲಗಿ ಅವನ ಜಾಕೆಟ್ಟಿನ ಪಟ್ಟಿ ಹಿಡಿದರು. ನಾನು ಫೋರ್‌ಮನ್ನರ ಕಾಲು ಹಿಡಿದೆ.

ಘಟಕವನ್ನು ಕ್ರೇನು ಹಡಗಿನ ಮೇಲಕ್ಕೇ ಎತ್ತಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಅಲೆ ಇನ್ನಷ್ಟು ತಗ್ಗಿತು. ಹಡಗಿನ ಕ್ಯಾಪ್ಟನ್ ರೇಡಿಯೋದಲ್ಲಿ ಹೇಳಿಕಳಿಸಿದರು: ಇನ್ನೊಂದು ಸಲ ನೋಡಬಹುದು, ಇವತ್ತಾಗದಿದ್ದರೆ ನಾಳೆ ನಾವು ಮುಂದಿನ ದ್ವೀಪಕ್ಕೆ ಹೊರಡುತ್ತೇವೆ, ಮತ್ತೆ ಬರುವುದು ಈ ಗಾಳಿಯ ಕಾಲ ಕಳೆದ ಮೇಲೆ. ಇಳಿಸಿಕೊಳ್ಳುತ್ತೇವೆ ಅಥವಾ ಇಲ್ಲ ಎಂದು ಹೇಳಬೇಕಾದವಳು ಸರಕಿನ ಪರವಾಗಿ ನಿಂತಿದ್ದ ನಾನು. ಫೋರ್‌ಮನ್ ದಡದ ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದ್ದರು. ಬಾರ್ಜಿನವರು ತಯಾರೇ ಎಂದು ಕೇಳಿದೆ. "ನೀರು ಬೇಕಾದದ್ದು ನಮಗೆ ಸಿಸ್ಟರ್. ನೀವು ಹೇಳಿದರೆ ಹೋಗುತ್ತೇವೆ," ಎಂದರು. ಹೋಗಬೇಡಿ ಎಂದು ಅವರು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಬೆಳಿಗ್ಗೆ ನಡೆದದ್ದನ್ನು ಆಗಲೇ ತಿಳಿಸಿದ್ದೆ, ಈಗ ಸರ್‌ಗೆ ಮತ್ತೆ ಫೋನು ಮಾಡಿದೆ.

"ಆ ಹುಡುಗ ಹೇಗಿದ್ದಾನೆ?"

"ಬದುಕಿದಾರೆ ಸರ್. ಭುಜ, ತೋಳು ಎರಡೂ ಮುರಿದಿದೆ. ಬ್ರಿಸ್ಬೇನಿಗೆ ಕಳಿಸಬೇಕಂತೆ."

"ದೇವರು ದೊಡ್ಡವನು. ಈಗ ಅಲೆ ಹೇಗುಂಟು?"

"ತಗ್ಗಿದೆ. ಕ್ಯಾಪ್ಟನ್ ಇನ್ನೊಂದು ಸಲ ನೋಡೋಣ ಅಂತಿದಾರೆ."

"ಮತ್ತೆಂತ? ಇಳಿಸಿಬಿಡಿ."

"ಇಳಿಸಲ್ಲ ಸರ್."

"ಎಂತ?"

"ಅಲೆ ತಗ್ಗಿದೆ, ಗಾಳಿ ತಿರುಗಿಲ್ಲ. ಪಡುವಣದಿಂದಲೇ ಬೀಸ್ತಿದೆ. ಕೊಕ್ಕೆ ಹಿಡಿಯೋರು ಒಬ್ಬರು ಕಮ್ಮಿ ಬೇರೆ. ಹಡಗು ಹೋಗ್ಲಿ."

"ಹೋಗ್ಲಿ ಅಂದ್ರೆ? ನೀನು ಹೋದದ್ದೇ ಆ ಜನಕ್ಕೆ ನೀರು ಕೊಡ್ಲಿಕ್ಕೆ. ಅವರ ತೊಟ್ಟಿ ಒಣಗಿದೆ ಅಂತ ದಿನಾ ನೀನೇ ಹೇಳ್ತಿ. ಹಡಗು ವಾಪಸ್ ಬರುವ ತನಕ ಅವರು ಎಂತ ಕುಡೀಬೇಕು?"

ಅದು ನನಗೂ ಗೊತ್ತಿರಲಿಲ್ಲ. ಕಲ್ಲಿನ ಮೇಲೆ ಕೂತ ಫೋರ್‌ಮನ್ನರ ಕಡೆ ನೋಡಿದೆ. ಅವರ ಅಂಗಿಯ ಎದೆಯ ಮೇಲೆ ಬಾರ್ಜಿನ ತುಕ್ಕು ಹತ್ತಿತ್ತು, ರಿಗ್ಗರನ್ನು ಎಳೆಯುವಾಗ ಹತ್ತಿದ್ದು. ಹಾಗೆ ನೋಡುತ್ತಿರುವಾಗಲೇ ಉತ್ತರ ಹೊಳೆಯಿತು.

"ಹಳೇ ಘಟಕದ ಪಂಪು ಚೆನ್ನಾಗಿದೆ ಸರ್. ಕೆಟ್ಟಿರೋದು ಮೆಂಬ್ರೇನು ಮತ್ತು ರಬ್ಬರು ಸೀಲು. ಅಡಿಲೇಡ್ ಶೆಡ್ಡಲ್ಲಿ ಸ್ಪೇರ್ ಮೆಂಬ್ರೇನ್ ಇವೆ. ಒಂದೊಂದನ್ನೂ ಒಬ್ಬರೇ ಎತ್ತಬಹುದು. ಅವಕ್ಕೆ ಹಡಗು ಬೇಡ. ವಿಮಾನದಲ್ಲಿ ಕಳಿಸಿ."

"ಆ ಘಟಕ ಸತ್ತಿದೆ ಅಂತ ರಿಪೋರ್ಟ್ ಕೊಟ್ಟಿದ್ದೇವಲ್ಲ."

"ಸತ್ತಿಲ್ಲ. ನೋಡಿದೀನಿ."

ಆ ಕಡೆ ಪೆನ್ನು ಹುಡುಕುವ ಸದ್ದು ಕೇಳಿತು. ಆಮೇಲೆ, "ಎಷ್ಟು ಬೇಕು ಹೇಳು," ಎಂದರು.

ಹಡಗು ಹೊರಟಿತು. ನಮ್ಮ ನೀಲಿ ಬಣ್ಣದ ಘಟಕ ಅದರ ಮೇಲೆ ಕಾಣುತ್ತಿತ್ತು. ದಡದಲ್ಲಿ ನಿಂತಿದ್ದ ಹೆಂಗಸರೂ ನೋಡಿದರು. ಆಮೇಲೆ ಟ್ಯಾಂಕರಿಗೆ ಕಾಯಲು ಮನೆಗಳ ಕಡೆ ನಡೆದರು.

ಮೆಂಬ್ರೇನುಗಳು ಅಡಿಲೇಡಿನಿಂದ ಬ್ರಿಸ್ಬೇನಿಗೆ ಲಾರಿಯಲ್ಲಿ ಬಂದು, ಅಲ್ಲಿಂದ ವಿಮಾನ ಹತ್ತಿದವು. ಮೊದಲ ವಿಮಾನದಲ್ಲಿ ಪ್ರಯಾಣಿಕರ ಸಾಮಾನು ಹೆಚ್ಚಾಗಿ ಅರ್ಧದಷ್ಟು ಮಾತ್ರ ಬಂದವು. ಹೊಸವು ಸಾಲದ ಕಾರಣ ಹಳೆಯವುಗಳಲ್ಲಿ ಯಾವುವು ಇನ್ನೂ ಚೆನ್ನಾಗಿವೆಯೆಂದು ಹುಡುಕಬೇಕಾಯಿತು. ಉದ್ದನೆಯ ಕೊಳವೆಯೊಳಗೆ ಮೆಂಬ್ರೇನುಗಳು ಒಂದರ ಹಿಂದೊಂದು ಕೂತಿರುತ್ತವೆ, ಎಲ್ಲದರ ನಡುವೆ ಸಿಹಿನೀರು ಹರಿಯುವ ಒಂದೇ ನಳಿಕೆ. ಘಟಕ ನಡೆಯುತ್ತಿರುವಾಗಲೇ ಆ ನಳಿಕೆಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಪೈಪು ತೂರಿಸಿ, ಸ್ವಲ್ಪಸ್ವಲ್ಪವೇ ಹಿಂದಕ್ಕೆಳೆಯುತ್ತಾ ಬರುವ ನೀರನ್ನು ಅಳೆಯಬೇಕು. ಲವಣ ಎಲ್ಲಿ ಏಕಾಏಕಿ ಏರುತ್ತದೋ ಅಲ್ಲಿ ಸೋರುತ್ತಿದೆ ಎಂದರ್ಥ. ನಾನು ಪೈಪು ಎಳೆಯುತ್ತಿದ್ದೆ, ಆಪರೇಟರು ಮೀಟರು ಓದುತ್ತಿದ್ದ. ಎಷ್ಟೋ ಕಡೆ ಮೆಂಬ್ರೇನು ಸರಿಯಾಗಿಯೇ ಇತ್ತು, ಎರಡರ ನಡುವಿನ ರಬ್ಬರು ಬಳೆ ಬಿರುಕುಬಿಟ್ಟಿತ್ತು. ಬಳೆ ಬದಲಿಸಿ, ಗ್ಲಿಸರಿನ್ ಸವರಿ, ಕೂರಿಸುತ್ತಾ ಹೋದೆವು. ಗ್ರೀಸ್ ಹಚ್ಚಿದರೆ ಬೇಗ ಕೂರುತ್ತದೆ, ಆದರೆ ಮೆಂಬ್ರೇನು ಹಾಳಾಗುತ್ತದೆ. ರಬ್ಬರನ್ನು ಒತ್ತಿ ಕೂರಿಸುವ ಹೊತ್ತು ಬಂದಾಗಲೆಲ್ಲ ನಾನು ಬಳೆಯನ್ನು ಕೆಳಗಿಟ್ಟು ಬೇರೇನೋ ಹುಡುಕುತ್ತಿದ್ದೆ. ಆಪರೇಟರು ನೋಡಿಯೂ ನೋಡದವನಂತೆ, "ಇದನ್ನು ನಾನು ಒತ್ತುತ್ತೇನೆ, ನೀವು ಗ್ಲಿಸರಿನ್ ಹಚ್ಚಿ," ಎಂದ.

ಕೊನೆಗೆ ಮೂರರಲ್ಲಿ ಎರಡು ಕೊಳವೆಗಳು ನಡೆದವು. ಮೀಟರಿನ ಸಂಖ್ಯೆ ಇಳಿಯುತ್ತಾ ಬಂದು ನಿಂತಿತು. ಆಪರೇಟರು ಲೋಟ ತುಂಬಿ ಕುಡಿದ. "ಇನ್ನು ಅನ್ನಕ್ಕೆ ಉಪ್ಪು ಹಾಕಬೇಕಾಗುತ್ತೆ," ಎಂದ. ಎಲ್ಲರಿಗೂ ಸಾಲುವಷ್ಟಲ್ಲ, ಆದರೆ ಹಡಗು ತಿರುಗಿ ಬರುವ ತನಕ ದಿನ ದೂಡುವಷ್ಟು.

ವಾಪಸಾಗುವಾಗ ಬ್ರಿಸ್ಬೇನಿನಲ್ಲಿ ಇಳಿದು ರಿಗ್ಗರನ್ನು ನೋಡಲು ಆಸ್ಪತ್ರೆಗೆ ಹೋದೆ. ಸರ್ ಪರ್ತ್‌ನಿಂದ ಬಂದು ಆಗಲೇ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಮಡಿಲಲ್ಲಿ ಬಾಳೆಹಣ್ಣಿನ ಚೀಲ. ಒಳಗೆ ಹೋಗಿರಲಿಲ್ಲ.

"ನೀನು ಹೇಳಿದ್ದೆ ಅಲ್ವಾ, ಡಿಸೆಂಬರ್ ಬೇಡ ಅಂತ."

"ಹೇಳಿದ್ದೆ ಸರ್."

"ಗಟ್ಟಿಯಾಗಿ ಹೇಳ್ಬೇಕಿತ್ತು ಮಾರಾಯ್ತಿ."

ತಮಾಷೆಗೆ ಎಂದರೋ ಏನೋ. ಇಬ್ಬರೂ ನಗಲಿಲ್ಲ. ಹಣ್ಣಿನ ಚೀಲವನ್ನು ನನ್ನ ಕೈಗೆ ಕೊಟ್ಟು, ಆಮೇಲೆ ಬರುತ್ತೇನೆ ಎಂದು ಅಲ್ಲೇ ಕೂತರು.

ರಿಗ್ಗರನ ತೋಳಿಗೆ ಕಬ್ಬಿಣದ ಸಲಾಕೆಗಳನ್ನು ಹಾಕಿದ್ದರು. ಆ ಊರಿನಲ್ಲಿ ಅವನಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ. ನನಗೂ ಇರಲಿಲ್ಲ.

"ನಿಮ್ಮ ಯಂತ್ರ ಇಳಿಯಿತಾ?" ಎಂದು ಕೇಳಿದ.

"ಇಲ್ಲ. ಕಳಿಸಿಬಿಟ್ಟೆ."

"ಅಷ್ಟೆಲ್ಲ ಮಾಡಿ?" ಎಂದು ಕಣ್ಣರಳಿಸಿದ. ನಕ್ಕ. ನಕ್ಕಾಗ ನೋವಾಯಿತೆಂದು ಮುಖ ಕಿವುಚಿದ. ಹಳೆಯದನ್ನು ನಡೆಸಿದ ಕಥೆ ಹೇಳಿದೆ. ಕೇಳಿ ಸುಮ್ಮನೆ ತಲೆಯಾಡಿಸಿದ. ಆಮೇಲೆ ಮೆಲ್ಲಗೆ, "ಒಂದು ಸಹಾಯ ಮಾಡಬೇಕು ಸಿಸ್ಟರ್," ಎಂದ.

ಅವನ ತಾಯಿ ಕಿರಿಬಾಸ್‌ನಲ್ಲಿದ್ದರು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅವನ ತಂದೆ ಮೀನು ಹಿಡಿಯಲು ಹೋಗಿ ತಿರುಗಿ ಬಂದಿರಲಿಲ್ಲ. ದಡದ ಮೆಟ್ಟಿಲಿನ ಮೇಲೆ ಜಾರಿಬಿದ್ದೆ ಎಂದು ತಾಯಿಗೆ ಹೇಳಿದ್ದಾನೆ. ಅವರು ನಂಬುತ್ತಿಲ್ಲ. ಅಲ್ಲಿದ್ದವರು ಯಾರಾದರೂ ಹೇಳಲಿ ಎನ್ನುತ್ತಿದ್ದಾರೆ. ಕಡಲಿಗೆ ಬಿದ್ದದ್ದು ಗೊತ್ತಾದರೆ ಮತ್ತೆ ದೋಣಿ ಹತ್ತಲು ಬಿಡುವುದಿಲ್ಲ, ಬೇರೆ ಕೆಲಸ ತನಗೆ ಗೊತ್ತಿಲ್ಲ.

ನನಗೂ ಅಂಥ ಸುಳ್ಳು ಹೊಸದಲ್ಲ. ಮೈಸೂರಿಗೆ ಫೋನು ಮಾಡಿದಾಗ ಕೆಲಸ ಚೆನ್ನಾಗಾಯಿತು ಎಂದಷ್ಟೇ ಹೇಳಿದ್ದೆ. ಆಂಟಿಗೆ ಬೀಚಿನ ಫೋಟೋ ಕಳಿಸಿದ್ದೆ.

ಅವನು ತನ್ನ ಭಾಷೆಯಲ್ಲಿ ಎರಡು ಮಾತಾಡಿ ಫೋನನ್ನು ನನ್ನ ಕಿವಿಗೆ ಹಿಡಿದ. ಹಳೆಯ ಟೀಚರೊಬ್ಬರ ಸ್ಪಷ್ಟ ಇಂಗ್ಲಿಷು, ನಿಧಾನದ ದನಿ. ನಾನು ಹೇಳಿದೆ: ಅಲ್ಲೇ ಇದ್ದೆ ಅಮ್ಮ, ಮೆಟ್ಟಿಲು ಪಾಚಿಗಟ್ಟಿತ್ತು, ಜಾರಿದರು, ಕಡಲು ಶಾಂತವಾಗಿತ್ತು.

ಅವರು ಮೆಟ್ಟಿಲಿನ ಬಗ್ಗೆ ಏನೂ ಕೇಳಲಿಲ್ಲ.

"ಅವತ್ತು ಯಾವ ಗಾಳಿ?" ಎಂದರು.

ರಿಗ್ಗರ್ ನನ್ನ ಮುಖವನ್ನೇ ನೋಡುತ್ತಿದ್ದ.

"ಪೂರ್ವದ್ದು," ಎಂದೆ.

ಅತ್ತ ಕಡೆ ಎಲ್ಲೋ ಒಂದು ಕೋಳಿ ಕೂಗಿತು.

"ಈ ತಿಂಗಳುಗಳಲ್ಲಿ ಪೂರ್ವದ ಗಾಳಿ ಇರುವುದಿಲ್ಲ, ಮಗಳೇ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವನು ಊಟ ಮಾಡುತ್ತಿದ್ದಾನಾ?"

"ಮಾಡ್ತಿದಾರೆ."

"ನೀನು?"

ಫೋನನ್ನು ಅವನ ಕೈಗೆ ಕೊಟ್ಟು ಬಾಳೆಹಣ್ಣಿನ ಚೀಲ ಬಿಚ್ಚತೊಡಗಿದೆ.